ಕುಮಾರಿ ನೀಲಾಳ ಕಾದಂಬರಿಯೂ ರೇಶನ್ ಸಕ್ಕರೆಯೂ

ಮೊನ್ನೆ ಯಾರದೋ ಮದುವೆಗೆ ಉಡುಗೊರೆ ಕೊಡಲೆಂದು ಹೆಂಡತಿ ಒಂದು ಇಳಕಲ್ ಸೀರೆ ತಂದು ಮಂಚದ ಮೇಲೆ ಬಿಚ್ಚಿದಳು. ಹೊಸ ಸೀರೆಯ ಗಂಜಿಯ ವಾಸನೆ ಕೋಣೆಯ ತುಂಬ ಹರಡಿತು. ದೊಡ್ಡ ಲೇಖಕರಿಗೆ ಇಂಥ ವಾಸನೆ ಮೂಗಿಗೆ ಬಡಿದರೆ ಕಳೆದುಹೋದ ಕಾಲವೆಲ್ಲ ಮೆರವಣಿಗೆ ಹೊರಟು ಬರುತ್ತದಂತೆ. ನನಗೆ ಮೊದಲು ಬಂದದ್ದು ಸೀನು. ಸೀನಿನ ಬೆನ್ನಿಗೆ, ಕರೆಯದೆ ಬರುವ ನೆಂಟರ ಹಾಗೆ, ನಮ್ಮ ನೀಲಚಿಗವ್ವ ಬಂದಳು.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಅವಳ ಮನೆ. ಎಪ್ಪತ್ತರ ದಶಕದಲ್ಲಿ ಹದಿನೈದು ಹದಿನಾರರ ಹುಡುಗಿಯರು ಭೂಗೋಳದ ಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದುವಂಥ ಕಾದಂಬರಿಗಳನ್ನು ಬರೆದವಳು. ಈಗ ಅಂಥ ಪುಸ್ತಕಗಳಿಗೆ ಅಂಗಡಿಗಳಲ್ಲಿ ಬೇರೆ ಕಪಾಟೇ ಇರುತ್ತದೆ. ನನ್ನ ಮೊಮ್ಮಗಳು ಅದರ ಮುಂದೆ ನಿಂತರೆ ಕದಲುವುದಿಲ್ಲ. ಆಗ ನಮ್ಮ ಕಡೆ ಅಂಥದೊಂದು ವಯಸ್ಸು ಇದೆ ಎಂಬುದನ್ನೇ ಯಾರೂ ಒಪ್ಪುತ್ತಿರಲಿಲ್ಲ. ಹುಡುಗಿ ಆ ವಯಸ್ಸಿಗೆ ಬರುವುದರೊಳಗೆ ಮದುವೆ ಮಾಡಿ, ಅದನ್ನು ದಾಟಿಸಿಬಿಡುತ್ತಿದ್ದರು. ಆ ವಯಸ್ಸಿಗೆಂದೇ ಕನ್ನಡದಲ್ಲಿ ಮೊದಲು ಬರೆದವಳು ನಮ್ಮ ಚಿಗವ್ವ ಎಂದು ಎದೆ ಉಬ್ಬಿಸಿ ಹೇಳಬಹುದಿತ್ತು. ಆದರೆ ಅದಕ್ಕೆ ಸಂಶೋಧನೆ ಮಾಡಬೇಕು, ಸಂಶೋಧನೆ ಮಾಡಿದರೆ ಅದು ಸುಳ್ಳೆಂದು ಗೊತ್ತಾಗುವ ಭಯ ಇದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಧಾರವಾಡದಲ್ಲಿ ಎಂ.ಎ. ಓದಿದವನು. ಅಲ್ಲಿ ನಮಗೆ ಎಲ್ಲವನ್ನೂ ಅನುಮಾನಿಸುವುದನ್ನು ಕಲಿಸಿದರು. ದೇವರು, ಸಂಪ್ರದಾಯ, ಸರಕಾರ, ಹಿಂದಿನ ತಲೆಮಾರಿನ ಕವಿಗಳು, ಇವರನ್ನೆಲ್ಲ ಅನುಮಾನಿಸಿ ಮುಗಿಸಿದ ಮೇಲೆ ಈ ವಯಸ್ಸಿನಲ್ಲಿ ಅನುಮಾನಿಸಲು ಉಳಿದಿರುವುದು ನನ್ನ ನೆನಪೊಂದೇ. ಹಾಗಾಗಿ ನಾನು ಹೇಳುವುದನ್ನು ನೀವು ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ.

ಚಿಗವ್ವ ಮುಲ್ಕಿ ಪರೀಕ್ಷೆ ಪಾಸಾದವಳು. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಆ ಕಾಲದಲ್ಲಿ ಮಾಸ್ತರಿಕೆ ಸಿಗುತ್ತಿತ್ತು. ಅವಳಿಗೆ ಸಿಕ್ಕದ್ದು ಗಂಡ. ನಾವು ಕಾಕಾ ಎಂದು ಕರೆಯುತ್ತಿದ್ದ ಆ ಸಾಧು ಮನುಷ್ಯನಿಗೆ ಹಿತ್ತಿಲಲ್ಲಿ ಒಂದಿಷ್ಟು ಕೈಮಗ್ಗಗಳಿದ್ದವು. ಮಕ್ಕಳಾಗಲಿಲ್ಲ. ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಲು ಓಣಿಯ ಹುಡುಗಿಯರೂ ಹೆಂಗಸರೂ ಮಧ್ಯಾಹ್ನ ಊಟ ಮುಗಿಸಿ ಅವಳ ಪಡಸಾಲೆಗೆ ಬರುತ್ತಿದ್ದರು. ಪಡಸಾಲೆಯ ತುಂಬ ರಾಟಿಗಳು. ಒಂದೇ ಸಮನೆ ರಾಟಿ ತಿರುಗಿಸುತ್ತ ಕುಳಿತವರಿಗೆ ಆಕಳಿಕೆ ಬರುತ್ತಿತ್ತು, ಆಕಳಿಸಿದರೆ ಎಳೆ ಹರಿಯುತ್ತಿತ್ತು. ಎಳೆ ಹರಿಯಬಾರದೆಂದು ಚಿಗವ್ವ ಕತೆ ಹೇಳತೊಡಗಿದಳು, ಬರಬರುತ್ತ ಬರೆದೂ ಇಡತೊಡಗಿದಳು. ಸಾಹಿತ್ಯದ ಹುಟ್ಟಿನ ಬಗ್ಗೆ ನಾನು ಓದಿದ ಎಲ್ಲ ಸಿದ್ಧಾಂತಗಳಿಗಿಂತ ಇದು ನಂಬುವಂತಿದೆ.

ಕತೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಅವಳಿಗೆ ವಿಮರ್ಶಕರು ಬೇಕಿರಲಿಲ್ಲ. ಕತೆ ನೀರಸವಾದರೆ ರಾಟಿಗಳು ಜೋರಾಗಿ ತಿರುಗುತ್ತಿದ್ದವು. ಕತೆ ಹಿಡಿಯಿತೆಂದರೆ ಒಂದೊಂದಾಗಿ ನಿಧಾನವಾಗಿ, ಕೊನೆಗೆ ಪಡಸಾಲೆಯೇ ಗಪ್ಪಾಗುತ್ತಿತ್ತು. ಹಿತ್ತಿಲಲ್ಲಿ ಕಾಕಾ ಕಂಡಿಕೆ ಇಲ್ಲದೆ ಮಗ್ಗ ನಿಲ್ಲಿಸಿ, ‘ಇವತ್ತ ಭಾಳ ಚಲೋ ಬರದಿ ಕಾಣ್ತೈತಿ’ ಎಂದು ಸಂಕಟದಿಂದ ಕೂಗುತ್ತಿದ್ದ. ಹೆಂಡತಿಯ ಪ್ರತಿಭೆಯನ್ನು ಇಷ್ಟು ನಿಖರವಾಗಿ, ಇಷ್ಟು ದುಃಖದಿಂದ ಅಳೆದ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗದುಗಿನ ಪ್ರಕಾಶಕನೊಬ್ಬ ಸೀರೆ ಕೊಳ್ಳಲು ಬಂದವನು ಕತೆ ಕೇಳಿ, ಸೀರೆಯ ಜೊತೆ ಹಸ್ತಪ್ರತಿಯನ್ನೂ ಒಯ್ದ. ಮೊದಲನೆಯ ಕಾದಂಬರಿ ‘ಕುಳಗೇರಿ ಕ್ರಾಸಿನ ಗೆಳತಿಯರು’. ಬೇರೆ ಬೇರೆ ಊರಿನ ಇಬ್ಬರು ಹುಡುಗಿಯರು ದಿನಾಲೂ ಶಾಲೆಗೆ ಹೋಗಲು ಆ ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ಗೆಳತಿಯರಾಗುವ ಕತೆ. ಎರಡನೆಯದರಲ್ಲಿ ಬಾದಾಮಿ ಗುಹೆಗಳಿಗೆ ಪ್ರವಾಸ ಹೋದ ಹುಡುಗಿಯ ಕನ್ನಡಕವನ್ನು ಮಂಗ ಕಸಿದುಕೊಂಡು ಹೋಗುತ್ತದೆ. ಮುಂದೆ ನೂರು ಪುಟ ಅವಳು ಕನ್ನಡಕವಿಲ್ಲದೆಯೇ ಲೋಕವನ್ನು ನೋಡುತ್ತಾಳೆ. ಇದರಲ್ಲಿ ದೊಡ್ಡ ಪ್ರತಿಮೆ ಇದೆ ಎಂದು ನಾನು ಆಮೇಲೆ ಅವಳಿಗೆ ವಿವರಿಸಿದೆ. ‘ಮಂಗ್ಯಾ ಕಸಗೊಂಡದ್ದು ಖರೇನ ಆಗೇತೋ, ನಮ್ಮ ನೆಗೆಣ್ಣಿ ಚಸಮಾ’ ಎಂದಳು.

ಮದುವೆಯಾದ ಹೆಂಗಸು ಹುಡುಗಿಯರ ಕತೆ ಬರೆದರೆ ಯಾರೂ ಕೊಳ್ಳುವುದಿಲ್ಲವೆಂದು ಪ್ರಕಾಶಕ ಅವಳ ಹೆಸರನ್ನು ‘ಕುಮಾರಿ ನೀಲಾ’ ಎಂದು ಮಾಡಿದ. ಹಿಂಬದಿಗೆ ಫೋಟೋ ಬೇಕೆಂದಾಗ ಸ್ಟುಡಿಯೋದವನು ತನ್ನ ನಾದಿನಿಯದನ್ನು ಕೊಟ್ಟ. ಎರಡು ಜಡೆ, ಗಲ್ಲದ ಮೇಲೆ ಪೆನ್ನು, ದೂರದಲ್ಲೇನೋ ಕಂಡಂತೆ ನೋಟ. ಆ ಫೋಟೋ ಹಿಡಿದು ಬಾಗಲಕೋಟೆಯಿಂದ ಕಾಲೇಜು ಹುಡುಗರು ಬರುತ್ತಿದ್ದರು. ನಲವತ್ತು ದಾಟಿದ, ಮೇಲ್ದುಟಿಯ ಮೇಲೆ ಸಣ್ಣಗೆ ಮೀಸೆಯೂ ಇದ್ದ ಚಿಗವ್ವ ಅಂಗಳದಲ್ಲಿ ಸಂಡಿಗೆ ಒಣಗಿಸುತ್ತ, ಕುಮಾರಿ ನೀಲಾ ಬಾದಾಮಿಗೆ ಹೋಗಿದ್ದಾಳೆಂದೂ, ಬಿಸಿಲಲ್ಲಿ ಬಂದಿದ್ದೀರಿ, ಚಹಾ ಕುಡಿದು ಹೋಗಿರೆಂದೂ ಹೇಳಿ ಕಳಿಸುತ್ತಿದ್ದಳು. ಕುಮಾರಿ ನೀಲಾಳ ತಾಯಿ ಭಾಳ ಒಳ್ಳೆಯವರು ಎಂದು ಹುಡುಗರು ಹೇಳಿಕೊಂಡು ಹೋಗುತ್ತಿದ್ದರು.

ನಾನು ಅವಳ ಮನೆ ಸೇರಿದ್ದು ಎಂ.ಎ. ಮುಗಿಸಿ, ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕಿ, ಹಾಕಿದ್ದನ್ನು ಮರೆತು, ಮತ್ತೆ ಹಾಕುತ್ತಿದ್ದ ಕಾಲದಲ್ಲಿ. ಹುನಗುಂದದಲ್ಲಿದ್ದ ನಮ್ಮಪ್ಪನಿಗೆ ನನ್ನ ಗಡ್ಡವನ್ನೂ ಅದರ ಹಿಂದಿನ ತತ್ವವನ್ನೂ ದಿನಾ ನೋಡಲು ಆಗುತ್ತಿರಲಿಲ್ಲ. ಚಿಗವ್ವನ ಅಕ್ಷರ ಅವಳಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಅವಳು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನಗೆ ಬಂತು. ಬರೆದುಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಹದಿನಾರರ ನಾಯಕಿಯ ಒಳಗೆ ಸ್ವಲ್ಪ ಪರಕೀಯತೆ ಇರಬೇಕು ಎಂದೆ. ಹಾಗಂದರೆ ಏನು ಎಂದು ಕೇಳಿದಳು. ತನ್ನದೇ ಮನೆಯಲ್ಲಿ ತಾನು ಹೊರಗಿನವಳು ಎಂದು ಅನಿಸುವುದು, ಎಲ್ಲರ ನಡುವೆ ಇದ್ದೂ ಒಬ್ಬಳೇ ಇರುವುದು, ಯಾಕೆ ಬದುಕುತ್ತಿದ್ದೇನೆಂದು ತಿಳಿಯದಿರುವುದು ಎಂದು ವಿವರಿಸಿದೆ. ‘ಹೊಸಾ ಸೊಸಿಗೆ ಆಗ್ತೈತಲಾ, ಅದಾ?’ ಎಂದಳು. ಹೌದೆನ್ನಲು ನನ್ನ ಪದವಿ ಅಡ್ಡ ಬಂತು.

ಈಗ ನಾನು ಹೇಳಹೊರಟ ಕಾದಂಬರಿಗೆ ಬರುತ್ತೇನೆ. ನಾಯಕಿಯ ಹೆಸರು ಶೈಲಾ. ಎಸ್ಸೆಸ್ಸೆಲ್ಸಿ ಪಾಸಾಗಿ, ಮನೆಯವರು ನೋಡಿದ ಮದುವೆಯನ್ನು ತಪ್ಪಿಸಿಕೊಂಡು, ಬಾಗಲಕೋಟೆಯ ಕಾಲೇಜಿಗೆ ಹೋಗುವ ಹುಡುಗಿ. ಪಡಸಾಲೆಯಲ್ಲಿ ಕುಳಿತವರಿಗೆಲ್ಲ ಶೈಲಾ ಯಾರೆಂದು ಗೊತ್ತಿತ್ತು. ಮೂರು ಮನೆಯಾಚೆಯ ಶಾಂತಾ. ಓದುವಾಗ ಜಡೆಯ ರಿಬ್ಬನ್ ಬಾಯಲ್ಲಿಟ್ಟುಕೊಂಡು ಅಗಿಯುವ ಅವಳ ಚಟವನ್ನು ಚಿಗವ್ವ ಶೈಲಾಳಿಗೂ ಹಚ್ಚಿದ್ದಳು. ಶಾಂತಾ ಆ ವರ್ಷ ಪಾಸಾಗಿದ್ದಳು, ಬಾಗಲಕೋಟೆಯಲ್ಲಿ ಸೀಟೂ ಸಿಕ್ಕಿತ್ತು, ಅಲ್ಲಿ ಸೋದರತ್ತೆಯ ಮನೆಯಲ್ಲಿ ಇರುವುದೆಂದೂ ಮಾತಾಗಿತ್ತು. ಅವಳಪ್ಪ ಹಣಮಂತಪ್ಪ ಕಳಿಸಲೋ ಬೇಡವೋ ಎಂದು ತೂಗುತ್ತಿದ್ದ. ಚಿಗವ್ವ ಆ ತಕ್ಕಡಿಗೆ ತನ್ನ ಕಾದಂಬರಿಯನ್ನು ಹಾಕಿದ್ದಳು. ಪುಸ್ತಕ ಮುಗಿಯುವಷ್ಟರಲ್ಲಿ ಓಣಿಯ ಮನಸ್ಸು ತಿರುಗುತ್ತದೆ, ಓಣಿ ತಿರುಗಿದರೆ ಹಣಮಂತಪ್ಪನೂ ತಿರುಗುತ್ತಾನೆ ಎಂಬುದು ಅವಳ ಲೆಕ್ಕ.

ಶೈಲಾ ಬಸ್ಸು ಹಿಡಿಯಬೇಕಲ್ಲ, ಟ್ರಂಕು ಹೊರಲು ಯಾರಾದರೂ ಬೇಕಾಗಿತ್ತು. ಅದಕ್ಕೆ ಚಿಗವ್ವ ವೀರೇಶ ಎಂಬೊಬ್ಬ ಯುವಕನನ್ನು ತಂದಳು. ಮಿತಭಾಷಿ, ಪರೋಪಕಾರಿ, ಎಡಗಾಲು ಎಳೆದು ನಡೆಯುವವನು. ಆ ಎಡಗಾಲನ್ನು ಬಲಗಾಲು ಮಾಡಿದ್ದರೂ ಸಾಕಾಗಿತ್ತು, ಮುಂದಿನದೇನೂ ಆಗುತ್ತಿರಲಿಲ್ಲ. ಎಡಗಾಲು ಎಳೆದು ನಡೆಯುವವನು ನಮ್ಮ ಓಣಿಯಲ್ಲಿ ಒಬ್ಬನೇ ಇದ್ದ: ಈರಣ್ಣ. ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೆಲಸ, ಕಾಲಿನ ಮೇಲೆ ಕಲ್ಲು ಉರುಳಿ ಹಾಗಾಗಿತ್ತು. ಮೂವತ್ತರ ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ಅವನ ತಾಯಿ ಬಸವ್ವ ದಿನಾ ಪಡಸಾಲೆಗೆ ಬಂದು ರಾಟಿಯ ಮುಂದೆ ಕೂರುವವಳು.

ವೀರೇಶ ಟ್ರಂಕು ಹೆಗಲಿಗೇರಿಸಿದ ಅಧ್ಯಾಯವನ್ನು ನಾನು ಓದಿ ಮುಗಿಸಿದಾಗ ರಾಟಿಗಳು ನಿಂತಿದ್ದವು. ಚಿಗವ್ವ ಹಿಗ್ಗಿದಳು. ಆಗ ಬಸವ್ವ ತನ್ನ ರಾಟಿಯನ್ನು ಬದಿಗೆ ಸರಿಸಿದಳು.

‘ಏನ ನೀಲಕ್ಕ, ನನ್ನ ಮಗನ ಹೆಗಲಿಗೆ ಟ್ರಂಕ್ ಹೊರಿಸಿದಿ. ನಾಳೆ ಬ್ಯಾರೆಯವನ ಹೇಣ್ತಿ ಆಗಾಕಿ ಟ್ರಂಕ್ ಅಂವ ಯಾಕ ಹೊರಬೇಕು?’

ವೀರೇಶ ಬೇರೆ, ಈರಣ್ಣ ಬೇರೆ ಎಂದು ಚಿಗವ್ವ ಹೇಳಿ ನೋಡಿದಳು. ಈ ಊರಲ್ಲಿ ಆ ಕಾಲು ಮತ್ತಾರದು ತೋರಿಸು ಎಂದಳು ಬಸವ್ವ. ಪಾತ್ರಕ್ಕೂ ವ್ಯಕ್ತಿಗೂ ಇರುವ ಸಂಬಂಧದ ಬಗ್ಗೆ ನಾನೊಂದು ಸಣ್ಣ ಉಪನ್ಯಾಸ ಶುರು ಮಾಡಿದೆ, ಯಾರೂ ಕೇಳಲಿಲ್ಲ. ಬಸವ್ವನ ಬೇಡಿಕೆ ಸರಳವಾಗಿತ್ತು. ಖರೇ ಲೋಕದಲ್ಲಂತೂ ತನ್ನ ಮಗನಿಗೆ ಯಾರೂ ಹೆಣ್ಣು ಕೊಡಲಿಲ್ಲ, ಬರೆಯುವವರಿಗೆ ಏನು ಖರ್ಚು, ಪುಸ್ತಕದಲ್ಲಾದರೂ ಒಂದು ಕೊಡು. ಹೆಂಗಸರೆಲ್ಲ ನಕ್ಕರು. ಹಿತ್ತಿಲಿಂದ ಕಾಕಾ ಕಂಡಿಕೆ ಕಂಡಿಕೆ ಎಂದು ಒದರುತ್ತಿದ್ದ. ರಾಟಿ ತಿರುಗಿದರೆ ಸಾಕಾಗಿದ್ದ ಚಿಗವ್ವ, ‘ಆತವಾ, ಕೊಟ್ಟೆ. ಕೂತು ಕಂಡಿಕಿ ಸುತ್ತು’ ಎಂದುಬಿಟ್ಟಳು.

ಬಸವ್ವ ಸುತ್ತಲಿಲ್ಲ. ಎದ್ದು ಮನೆಗೆ ಹೋಗಿ ಹಿತ್ತಾಳೆಯ ಬಟ್ಟಲಲ್ಲಿ ಸಕ್ಕರೆ ತಂದಳು. ನಮ್ಮ ಕಡೆ ಹೆಣ್ಣು ಗೊತ್ತಾಯಿತೆಂದರೆ ಗಂಡಿನವರು ಮೊದಲು ಓಣಿಗೆ ಸಕ್ಕರೆ ಹಂಚುತ್ತಾರೆ. ಸಕ್ಕರೆ ತಿಂದ ಬಾಯಿ ಸಾಕ್ಷಿಯ ಬಾಯಿ. ಆಮೇಲೆ ಹೆಣ್ಣಿನವರು ಹಿಂದೆ ಸರಿದರೆ ತಿಂದವರಿಗೆಲ್ಲ ಅವಮಾನ. ಅವತ್ತು ಇದು ಯಾರ ತಲೆಗೂ ಹೊಳೆಯಲಿಲ್ಲ. ಸಕ್ಕರೆ ಸುಲಭವಾಗಿ ಸಿಗದ ದಿನಗಳವು. ಕೈ ಮುಂದೆ ಬಂದ ಸಕ್ಕರೆಯನ್ನು ಎಲ್ಲರೂ ನಗುತ್ತ ಬಾಯಿಗೆ ಹಾಕಿಕೊಂಡರು. ಸಂಪ್ರದಾಯಗಳನ್ನೆಲ್ಲ ತಿರಸ್ಕರಿಸಿದ್ದ ನಾನೂ ತಿಂದೆ, ಬಟ್ಟಲು ಎರಡನೆಯ ಸಲ ಬಂದಾಗಲೂ ತಿಂದೆ. ಶಾಂತಾ ಅಲ್ಲೇ ಮೂಲೆಯಲ್ಲಿದ್ದಳು. ಅವಳು ತಿಂದಳೋ ಇಲ್ಲವೋ ನೆನಪಾಗುತ್ತಿಲ್ಲ. ಅವಳ ಕಡೆ ಯಾರೂ ನೋಡಿರಲಿಕ್ಕಿಲ್ಲ.

ಸಂಜೆಯೊಳಗೆ ಸುದ್ದಿ ಓಣಿ ದಾಟಿ ಬಸ್‌ಸ್ಟ್ಯಾಂಡ್ ಮುಟ್ಟಿತು. ದಾರಿಯಲ್ಲಿ ಅದು ಕಾದಂಬರಿಯನ್ನು ಕಳಚಿಟ್ಟು ಹಗುರಾಗಿತ್ತು. ಈರಣ್ಣನ ಸಕ್ಕರೆ ಹಂಚಿದರಂತೆ, ಹುಡುಗಿ ಹಣಮಂತಪ್ಪನ ಶಾಂತಾ ಅಂತೆ, ಇಷ್ಟೇ ಉಳಿದಿತ್ತು.

ಮರುದಿನ ಹಣಮಂತಪ್ಪ ಬಂದ. ನೂಲಿಗೆ ಬಣ್ಣ ಹಾಕುವ ಮನುಷ್ಯ, ಮೊಣಕೈವರೆಗೆ ನೀಲಿ. ಜಗಳಕ್ಕೆ ಬಂದನೆಂದು ನಾನು ಬಾಗಿಲ ಹಿಂದೆ ಜಾಗ ನೋಡಿಕೊಂಡಿದ್ದೆ. ಆದರೆ ಅವನ ಮುಖದಲ್ಲಿ ಇದ್ದದ್ದು ನೆಮ್ಮದಿ. ತೂಗಿ ತೂಗಿ ಸಾಕಾಗಿದ್ದವನಿಗೆ ಬೇರೆ ಯಾರೋ ತಕ್ಕಡಿ ಇಳಿಸಿಕೊಟ್ಟಂತಾಗಿತ್ತು.

‘ಸಕ್ಕರಿ ಹಂಚೂ ಮೊದಲ ನನಗೂ ಒಂದ ಮಾತ ಹೇಳಬೇಕಿತ್ತು ನೀಲಕ್ಕ. ಇರ್ಲಿ. ಹುಡುಗ ಪಾಡ ಅದಾನ. ಕುಡಿಯೂದಿಲ್ಲ.’

‘ಅಯ್ಯ ಅದು ಕಥಿಯಾಗಿನ ಸಕ್ಕರಿ, ಹಣಮಂತಪ್ಪ.’

‘ಸಕ್ಕರಿ ಕಥಿಯಾಗಿಂದಲ್ಲವಾ, ರೇಶನ್‌ದು. ತಿಂದವರು ಖರೇ ಮಂದಿ.’

ಕಲೆಗೂ ವಾಸ್ತವಕ್ಕೂ ಇರುವ ಗೆರೆಯ ಬಗ್ಗೆ ಮುಂದೆ ಮೂವತ್ತು ವರ್ಷ ಪಾಠ ಮಾಡಿದೆ. ಪ್ರತಿ ವರ್ಷ ಆ ಪಾಠಕ್ಕೆ ಬಂದಾಗ ಆ ನೀಲಿ ಕೈಗಳು ಕಣ್ಣ ಮುಂದೆ ಬಂದು ತಡವರಿಸುತ್ತಿದ್ದೆ.

ಓಣಿಯ ಹಿರಿಯರು ಕೂತು ಒಂದು ತೀರ್ಮಾನ ಹೇಳಿದರು. ಹೆಣ್ಣಿನವರು ಒಲ್ಲೆ ಅನ್ನುವಂತಿಲ್ಲ, ಸಕ್ಕರೆ ಹಂಚಿದವರೇ ಒಲ್ಲೆ ಎಂದರೆ ಮಾತು ಬಿಟ್ಟುಹೋಗುತ್ತದೆ. ಬಸವ್ವ ಅನ್ನುತ್ತಾಳೆಯೇ? ಪುಸ್ತಕದಲ್ಲಿ ಒಂದು ಸೊಸೆ ಕೇಳಲು ಹೋದವಳಿಗೆ ಖರೇ ಸೊಸೆಯೇ ಸಿಗುವಂತಾಗಿತ್ತು. ಚಿಗವ್ವ ಅವಳ ಮನೆಗೆ ಹೋಗಿ ಬೇಡಿಕೊಂಡಳು. ಬಸವ್ವ ಅತ್ತಳು, ಚಹಾ ಮಾಡಿ ಕೊಟ್ಟಳು, ಮತ್ತೆ ಅತ್ತಳು. ಕಡೆಗೆ, ಕತೆಯಲ್ಲಿ ಕೂಡಿದ್ದು ಕತೆಯಲ್ಲೇ ಬಿಡುವುದಾದರೆ ಬಿಡಲಿ, ಓಣಿಯ ಎದುರು ಓದಿಸಿಬಿಡು, ಆದರೆ ಶೈಲಾ ನನ್ನ ಮಗನನ್ನು ಒಲ್ಲೆ ಅನ್ನಕೂಡದು ಎಂದಳು. ‘ಮತ್ತೊಬ್ಬಾಕಿ ನನ್ನ ಮಗನ್ನ ಒಲ್ಲೆ ಅಂದ್ಲಂದ್ರ, ಸಂಗಮನಾಥನ ಆಣಿ, ನಿನ್ನ ಕಟ್ಟಿ ಬಿಟ್ಟು ಏಳೂದಿಲ್ಲ.’

ಶೈಲಾ ಒಲ್ಲೆ ಅನ್ನುವಂತಿಲ್ಲ, ಮದುವೆಯೂ ಆಗುವಂತಿಲ್ಲ. ಕಾದಂಬರಿ ಅಲ್ಲೇ ನಿಂತಿತು. ಕಾಲೇಜು ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ಹಣಮಂತಪ್ಪ ಮಗಳನ್ನು ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ, ಗೊತ್ತಾದ ಹುಡುಗಿ ಅಂತ. ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆದೆ. ವೀರೇಶನನ್ನು ಕುಳಗೇರಿ ಕ್ರಾಸಿನಲ್ಲಿ ಲಾರಿಯ ಕೆಳಗೆ ಹಾಕೋಣ, ಅರ್ಥವಿಲ್ಲದ ಸಾವು, ಬಹಳ ಆಧುನಿಕವಾಗಿರುತ್ತದೆ ಎಂದೆ. ತಾಯಿಯ ಎದುರಿಗೆ ಮಗನನ್ನು ಕೊಲ್ಲು ಅನ್ನುತ್ತೀಯಲ್ಲೋ, ಇದನ್ನ ಕಲಿಯಲಿಕ್ಕೆ ಧಾರವಾಡಕ್ಕೆ ಹೋಗಿದ್ದೆಯಾ ಎಂದು ಬೈದಳು. ಹಾಗಾದರೆ ಅಂತ್ಯವನ್ನು ತೆರೆದೇ ಬಿಡೋಣ, ಓದುಗರೇ ಊಹಿಸಿಕೊಳ್ಳಲಿ ಎಂದೆ. ಹಣಮಂತಪ್ಪ ಏನು ಊಹಿಸುತ್ತಾನೆಂದು ತನಗೆ ಗೊತ್ತು ಎಂದಳು.

ಆ ದಿನಗಳಲ್ಲಿ ಚಿಗವ್ವನನ್ನು ನೋಡಲಾಗುತ್ತಿರಲಿಲ್ಲ. ಪಡಸಾಲೆಯಲ್ಲಿ ರಾಟಿಗಳು ಭರಭರ ತಿರುಗುತ್ತಿದ್ದವು, ಕಾಕಾ ಎಂದೂ ಕಾಣದಷ್ಟು ಕಂಡಿಕೆ ಬರುತ್ತಿತ್ತು, ಅವನಿಗೂ ಅದು ಬೇಡವಾಗಿತ್ತು. ಒಂದು ಸಲ ಜೋಳ ಹಸನು ಮಾಡುತ್ತ ಕೂತವಳು ತಲೆ ಎತ್ತದೆ ನನಗೆ ಹೇಳಿದಳು:

‘ನಾ ಬರದ ಹುಡುಗಿ ಬಸ್ ಹತ್ತಿ ಹೋಗ್ತಾಳ. ಖರೇ ಹುಡುಗಿ ಒಲಿ ಮುಂದ ಕುಂದ್ರತಾಳ. ಇದೇನ ಬರದಂಗಾತೋ ತಮ್ಮಾ?’

ಅದಾದ ಒಂದೆರಡು ದಿನಕ್ಕೆ ಈರಣ್ಣ ಬಂದ. ನಮ್ಮ ಮನೆಯ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು ಎಂದು ಕಾಣುತ್ತದೆ. ಹುಬ್ಬಿನ ಮೇಲೆ ಕಲ್ಲಿನ ಕೆಂಪು ಪುಡಿ ಹಾಗೇ ಇತ್ತು. ಕೂರು ಎಂದರೂ ಕೂರದೆ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ:

‘ನಾನ ಒಲ್ಲೆ ಅಂದೆ ಅಂತ ಬರೀರಿ, ಅಕ್ಕಾರ.’

ಅವನೇ ಮುಂದುವರಿಸಿದ.

‘ಹುನಗುಂದ, ಬಾದಾಮಿ, ಎಲ್ಲಾ ಕಡೆ ಹೋಗಿ ಹೆಣ್ಣ ನೋಡಿ ಅವಲಕ್ಕಿ ತಿಂದ ಬಂದೇನಿ. ಎಲ್ಲಾ ಕಡೆ ಅವರ ಒಲ್ಲೆ ಅಂದಾರ. ಒಮ್ಮೆರ ನಾ ಒಲ್ಲೆ ಅನಬೇಕಲ್ರಿ.’

ನಾನು ನಕ್ಕೆ. ನೀವಿದ್ದರೂ ನಗುತ್ತಿದ್ದಿರಿ. ಅವನೂ ಸ್ವಲ್ಪ ನಕ್ಕ. ಒಲ್ಲೆ ಅನ್ನಲು ವೀರೇಶನಿಗೆ ಕಾರಣ ಬೇಕಲ್ಲ ಎಂದು ಚಿಗವ್ವ ಎದ್ದು ಕೂತಳು. ಕಣ್ಣಲ್ಲಿ ಹಳೆಯ ಬೆಳಕು ಬಂದಿತ್ತು. ಹುಡುಗಿಗೆ ರೊಟ್ಟಿ ಬಡಿಯಲು ಬರುವುದಿಲ್ಲವೆಂದು ಬರೆಯಲು ಈರಣ್ಣ ಹೇಳಿದ. ತನ್ನ ನಾಯಕಿಗೆ ರೊಟ್ಟಿ ಬರುವುದಿಲ್ಲ ಅಂದರೆ ಯಾರು ಓದುತ್ತಾರೆ ಎಂದು ಚಿಗವ್ವ ಚೌಕಾಶಿಗೆ ನಿಂತಳು. ಬರುತ್ತದೆ, ಆದರೆ ದಪ್ಪ ಆಗುತ್ತವೆ ಎಂದು ಕೊನೆಗೆ ಒಪ್ಪಂದವಾಯಿತು. ಕನ್ನಡ ಕಾದಂಬರಿಯೊಂದರ ತಿರುವು ಹೀಗೆ ರೊಟ್ಟಿಯ ದಪ್ಪದ ಮೇಲೆ ತೀರ್ಮಾನವಾದದ್ದನ್ನು ನಾನೇ ಬರೆದುಕೊಂಡೆ.

ಅಧ್ಯಾಯ ಓದುವ ದಿನ ಪಡಸಾಲೆ ಸಾಲದೆ ಜನ ಕಟ್ಟೆಯ ಮೇಲೂ ಕೂತರು. ಗಂಡಸರೂ ಬಂದಿದ್ದರು. ಹಣಮಂತಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನಾನು ಓದಿದೆ. ಶೈಲಾಳ ತಂದೆ ವೀರೇಶನ ಮನೆಗೆ ಬಂದು, ನನ್ನ ಮಗಳನ್ನು ಮಾಡಿಕೊಳ್ಳಪ್ಪ ಎಂದು ಕೇಳುತ್ತಾನೆ. ವೀರೇಶ, ‘ಕ್ಷಮಿಸಿ, ನನಗೆ ಈ ಸಂಬಂಧ ಬೇಡ’ ಎನ್ನುತ್ತಾನೆ. ಪುಸ್ತಕದಲ್ಲಿ ಅವರೆಲ್ಲ ಹಾಗೆ ಗ್ರಂಥದ ಕನ್ನಡದಲ್ಲಿ ಮಾತಾಡುತ್ತಿದ್ದರು. ಅದು ನನ್ನ ತಿದ್ದುಪಡಿ. ಓದುತ್ತ ನಡುವೆ ತಲೆ ಎತ್ತಿ ನೋಡಿದೆ. ಬಸವ್ವನ ಮುಖ ಮಾತ್ರ ನನಗೆ ಅನುಮಾನವಿಲ್ಲದೆ ನೆನಪಿದೆ. ಊರೂರು ಸುತ್ತಿ, ಒಲ್ಲೆ ಎನ್ನಿಸಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದು ಬಂದ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ‘ಕೇಳಿದ್ರೇನವಾ,’ ಎಂದಳು ಸುತ್ತಲಿದ್ದವರಿಗೆ, ‘ನನ್ನ ಮಗ ಒಲ್ಲೆ ಅಂದ.’

ಸಕ್ಕರೆ ಇಳಿಯಿತು. ಹಿರಿಯರು ತಲೆಯಾಡಿಸಿದರು. ಆದರೆ ಹಣಮಂತಪ್ಪ ಮನೆಯವರೆಗೆ ಸುಮ್ಮನೆ ಹೋಗಿ, ಅಲ್ಲಿಂದ ತಿರುಗಿ ಬಂದು, ತನ್ನ ಮಗಳನ್ನು ಒಲ್ಲೆ ಅನ್ನಲು ಅವನು ಯಾವ ಊರ ದೇಸಾಯಿ ಎಂದು ಕಟ್ಟೆಯ ಮೇಲೆ ನಿಂತು ಕೇಳಿದ. ಕಥೆಯಾಗಿನ ಮಾತು ಅದು ಎಂದು ಯಾರೋ ಸಮಾಧಾನ ಮಾಡಲು ಹೋದರು. ಅವನು ಕೇಳಲಿಲ್ಲ. ಆ ಸಿಟ್ಟಿನಲ್ಲೇ ಮಗಳಿಗೆ ಟ್ರಂಕು ಕೊಂಡ. ನನ್ನ ಮಗಳು ಏನು ಆಗುತ್ತಾಳೋ ಇವರಿಗೆ ತೋರಿಸುತ್ತೇನೆ ಎಂದು ತಾನೇ ಅದನ್ನು ಹೊತ್ತುಕೊಂಡು ಬಾಗಲಕೋಟೆಯ ಬಸ್ಸು ಹತ್ತಿಸಿದ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ತಂದೆಯರ ಉದಾರತೆ ಕಾರಣವೆಂದು ಯಾರಾದರೂ ಭಾಷಣ ಮಾಡಿದರೆ ನಾನು ಮೆಲ್ಲಗೆ ಎದ್ದು ಹೊರಗೆ ಹೋಗುತ್ತೇನೆ.

ಆ ಕಾದಂಬರಿಯೇ ಕುಮಾರಿ ನೀಲಾಳ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಯಿತು. ಪ್ರಕಾಶಕ ಮುಖಪುಟದಲ್ಲಿ ಬೆಲ್‌ಬಾಟಮ್ ತೊಟ್ಟ ಹುಡುಗಿಯನ್ನು ಹಾಕಿದ. ಅಂಥ ಹುಡುಗಿ ಒಳಗೆ ಎಲ್ಲಿಯೂ ಇರಲಿಲ್ಲ. ಕಾದಂಬರಿಯ ನಾಯಕಿಯನ್ನೇ ನಿರಾಕರಿಸಿದವನೆಂದು ಈರಣ್ಣನ ಬೆಲೆ ಏರಿತು. ಹುನಗುಂದದ ಕಡೆಯಿಂದ ಹೆಣ್ಣಿನವರೇ ಕೇಳಿಕೊಂಡು ಬಂದರು, ಅವನು ಸ್ವಲ್ಪ ಯೋಚಿಸಿ ಒಪ್ಪಿದ. ಮದುವೆಯಲ್ಲಿ ಬಡಿಸಿದ ರೊಟ್ಟಿ ತೆಳ್ಳಗಿದ್ದವೋ ದಪ್ಪವೋ ಎಂದು ನಾವು ನೋಡಿದ್ದೂ ನೆನಪು. ನನಗೂ ಕೆಲಸ ಸಿಕ್ಕಿ ಗಡ್ಡ ಹೋಯಿತು. ಚಿಗವ್ವ ಇನ್ನೂ ನಾಲ್ಕಾರು ಪುಸ್ತಕ ಬರೆದಳು. ಆದರೆ ಯಾರ ಕಾಲನ್ನೂ, ಯಾರ ರಿಬ್ಬನ್ನನ್ನೂ ಪುಸ್ತಕದೊಳಗೆ ತರಲಿಲ್ಲ. ಹಾಗಾಗಿ ರಾಟಿಗಳೂ ಅಷ್ಟಾಗಿ ನಿಲ್ಲಲಿಲ್ಲ. ಎಂಬತ್ತರ ದಶಕದ ನಡುವೆ ಓಣಿಗೆ ಟಿವಿ ಬಂತು. ಬರೆಯುವುದನ್ನು ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿದೆ. ಓದುವ ಹುಡುಗಿಯರೆಲ್ಲ ಟಿವಿಯ ಮುಂದೆ ಹೋಗಿ ಕೂತರು, ತಾನೂ ಹೋಗಿ ಕೂತೆ ಎಂದಳು. ಅವಳು ತೀರಿಕೊಂಡಾಗ ಕುಮಾರಿ ನೀಲಾ ಹೋದಳೆಂದು ಯಾವ ಪತ್ರಿಕೆಗೂ ಗೊತ್ತಾಗಲಿಲ್ಲ. ಹಿಂಬದಿಯ ಫೋಟೋದ ನಾದಿನಿ ಆಗ ಗಟ್ಟಿಮುಟ್ಟಾಗಿಯೇ ಇದ್ದಳು.

ಈ ಕತೆಯನ್ನು ನಾನು ಮದುವೆ ಮುಂಜಿವೆಗಳಲ್ಲಿ, ಸ್ಟಾಫ್‌ರೂಮಿನಲ್ಲಿ, ಸೆಮಿನಾರಿನ ಊಟದ ಸಾಲಿನಲ್ಲಿ ವರ್ಷಗಟ್ಟಲೆ ಹೇಳಿ ನಗಿಸಿದ್ದೇನೆ. ಒಮ್ಮೆ ಒಲ್ಲೆ ಅನ್ನುವ ಸುಖಕ್ಕಾಗಿ ಹೆಣ್ಣನ್ನೇ ಬಿಟ್ಟುಕೊಟ್ಟ ಗಂಡಸು ಎಂಬುದು ಅದರ ತಿರುಳು. ಸೀರೆಯ ವಾಸನೆಯ ನೆಪದಲ್ಲಿ ಬರೆದೇ ಬಿಡೋಣ ಎಂದು ಕೂತಾಗ ನೆನಪಿನ ಮೇಲಿನ ಅನುಮಾನ ಕೆಣಕಿ ಶಾಂತಾಳಿಗೆ ಫೋನು ಹಚ್ಚಿದೆ. ಅವಳು ಈಗ ಬಾಗಲಕೋಟೆಯ ನವನಗರದಲ್ಲಿದ್ದಾಳೆ, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಬರೆದಷ್ಟನ್ನು ಓದಿ ಹೇಳಿದೆ. ಹೆಡ್‌ಮಿಸ್ಟ್ರೆಸ್ಸಿನ ಹಾಗೆಯೇ ತಪ್ಪು ಹಿಡಿಯುತ್ತ ಹೋದಳು. ಅವಳಪ್ಪನ ಕೈ ಆ ವರ್ಷ ನೀಲಿಯಲ್ಲ, ಕೆಂಪಂತೆ. ರಿಬ್ಬನ್ ಅಗಿಯುತ್ತಿದ್ದವಳು ತಾನಲ್ಲ, ತನ್ನ ತಂಗಿಯಂತೆ. ಈರಣ್ಣನ ಮಾತಿಗೆ ಬಂದಾಗ ಲೈನು ಕಟ್ಟಾಯಿತೆಂದು ನಾನು ಹಲೋ ಹಲೋ ಎಂದೆ.

‘ಅಂವ ನಿಮ್ಮ ಮನಿಗೆ ಬರೂ ಮೊದಲ ನನ್ನ ಹತ್ರ ಬಂದಿದ್ದ ಅಣ್ಣಾ,’ ಎಂದಳು. ‘ನಾ ಹಿತ್ತಲದಾಗ ನೂಲ ಒಣಾ ಹಾಕತಿದ್ದೆ. ಬೇಲಿ ಹೊರಗ ನಿಂತು, ಓದೂದೈತೇನು ನಿನಗ ಅಂದ. ಹೂಂ ಅಂದೆ. ಹಂಗಾರ ಆತು ಅಂದು ಹ್ವಾದ.’

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ನೀವು ಯಾರೂ ಕೇಳಲಿಲ್ಲವಲ್ಲ ಎಂದಳು. ಆಮೇಲೆ, ತಪ್ಪು ತೋರಿಸುವ ದನಿಯಲ್ಲಲ್ಲ, ಬೇರೆ ದನಿಯಲ್ಲಿ:

‘ಆವಾಗೂ ಯಾರೂ ಕೇಳಲಿಲ್ಲಣ್ಣಾ. ನಮ್ಮಪ್ಪ ಕೇಳಲಿಲ್ಲ, ಹಿರಿಯಾರು ಕೇಳಲಿಲ್ಲ. ನನ್ನ ಮ್ಯಾಲೇ ಕಾದಂಬರಿ ಬರದ ನೀಲಕ್ಕನೂ ಕೇಳಲಿಲ್ಲ. ಅಂವ ಒಬ್ಬನ ಕೇಳಿದ.’

ಇದನ್ನು ಬರೆಯಬಹುದೇ ಎಂದು ಕೇಳಿದೆ. ನನ್ನದೇನೂ ಇಲ್ಲ, ಅವನನ್ನು ಕೇಳಿ ಬರಿ ಎಂದಳು.

ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ಈರಣ್ಣ ಮಗನ ಗ್ರಾನೈಟ್ ಅಂಗಡಿಯ ಮುಂದೆ, ಮಿರಮಿರ ಮಿಂಚುವ ಕೆಂಪು ಕಲ್ಲುಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಶಾಂತಾ ಹೇಳಿದ್ದನ್ನು ಹೇಳಿದೆ.

‘ಆಕಿ ಹಂಗಂದ್ಲಾ?’

‘ಹೂಂ.’

‘ಹಂಗಂದಿದ್ರ ಖರೆ ಇರಬೇಕು. ಬರಕೋರಿ ಸರ.’

ಅದಕ್ಕಿಂತ ಹೆಚ್ಚು ಹೇಳುವವನಲ್ಲವೆಂದು ಗೊತ್ತಾಗಿ ಚಹಾ ಕುಡಿದು ಎದ್ದೆ. ರಸ್ತೆ ದಾಟುವಷ್ಟರಲ್ಲಿ ಕರೆದ. ಕುರ್ಚಿಯ ಕೈ ಹಿಡಿದು ಎದ್ದು, ಎಡಗಾಲು ಎಳೆಯುತ್ತ ಅಂಗಡಿಯ ಮೆಟ್ಟಿಲವರೆಗೆ ಬಂದಿದ್ದ.

‘ನಾನ ಒಲ್ಲೆ ಅಂದದ್ದನ್ನ ತಗೀಬ್ಯಾಡ್ರಿ. ನಮ್ಮವ್ವ ಸಾಯೂತನಕ ಅದನ್ನ ಹೇಳಕೊಂತ ಅಡ್ಡ್ಯಾಡಿದ್ಲು.’

ತೆಗೆಯುವುದಿಲ್ಲ ಎಂದೆ.